ಮಸೂರ ಹಿಡಿದು ತೋರಿಸುವ ಮೇಷ್ಟ್ರು ಬೇಕು

ಪೋಷಕರೇ, ಶಾಲೆ ತೆರೆಯುವ ದಿನಗಳಲ್ಲಿ ನಿಮ್ಮನ್ನು ಕಾಡುವ ಪ್ರಶ್ನೆ ನನಗೆ ಗೊತ್ತು. 'ಕನ್ನಡದಲ್ಲಿ ವಿಜ್ಞಾನ ಓದಿದ ಮಗು ನಾಳೆ ಎಂಜಿನಿಯರಿಂಗ್‌ನಲ್ಲಿ ಹಿಂದೆ ಬಿದ್ದರೆ?' ಈ ಅಂಜಿಕೆ ಸಹಜವೇ. ಆದರೆ ನಿರ್ಧಾರ ಮಾಡುವ ಮುನ್ನ ನಮ್ಮ ನೆರೆಯ ಗೋವಾದಲ್ಲಿ ಹುಟ್ಟಿದ ಒಬ್ಬ ಕೆಮಿಕಲ್ ಎಂಜಿನಿಯರಿಂಗ್ ಅಧ್ಯಾಪಕರ ಬದುಕನ್ನು ಒಮ್ಮೆ ನೋಡಿ.

ರಘುನಾಥ ಮಾಶೆಲ್ಕರ್ 1943ರಲ್ಲಿ ಮಾಶೆಲ್‌ನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಮುಂಬೈಯಲ್ಲಿ ಕೂಲಿನಾಲಿ ಮಾಡಿ ಸಾಕಿದರು. ಹುಡುಗ ಓದಿದ್ದು ಮರಾಠಿ ಮಾಧ್ಯಮದಲ್ಲಿ. ಮೆಟ್ರಿಕ್‌ನಲ್ಲಿ ರಾಜ್ಯಕ್ಕೆ 11ನೇ ಸ್ಥಾನ ಬಂದರೂ ಮುಂದೆ ಓದಲು ಹಣವಿರಲಿಲ್ಲ. ಟಾಟಾ ಟ್ರಸ್ಟಿನ ತಿಂಗಳಿಗೆ 60 ರೂಪಾಯಿ ವಿದ್ಯಾರ್ಥಿವೇತನ ಕೈಹಿಡಿಯಿತು. ಮುಂಬೈಯ ಯುಡಿಸಿಟಿಯಲ್ಲಿ 1966ರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ, 1969ರಲ್ಲಿ ಪ್ರೊ. ಎಂ. ಎಂ. ಶರ್ಮ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಬಳಿಕ ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಅಧ್ಯಾಪಕ. 1976ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಮರಳಿದರು. ಮುಂದೆ ಅದರ ನಿರ್ದೇಶಕರಾದರು. 1995ರಿಂದ 2006ರವರೆಗೆ ಸಿಎಸ್‌ಐಆರ್‌ ಮಹಾನಿರ್ದೇಶಕರಾಗಿದ್ದರು. ಅರಿಶಿನದ ಮೇಲೆ ಅಮೆರಿಕ ಕೊಟ್ಟಿದ್ದ ಪೇಟೆಂಟ್ ರದ್ದಾದದ್ದು ಅವರ ಕಾಲದಲ್ಲೇ.

ಇಷ್ಟಕ್ಕೆಲ್ಲ ಮೂಲ ಯಾವುದೆಂದು ಕೇಳಿದರೆ ಅವರು ನೆನೆಯುವುದು ಶಾಲೆಯ ಭಾವೆ ಮೇಷ್ಟ್ರನ್ನು. ಮೇಷ್ಟ್ರು ಮಕ್ಕಳನ್ನು ಬಿಸಿಲಿಗೆ ಕರೆದೊಯ್ದು ಕಾಗದದ ಮೇಲೆ ಪೀನ ಮಸೂರ ಹಿಡಿದರು. ಬೆಳಕು ಒಂದೇ ಬಿಂದುವಿಗೆ ಕೂಡಿದಾಗ ಕಾಗದ ಹೊತ್ತಿಕೊಂಡಿತು. ನಿನ್ನ ಶಕ್ತಿಯನ್ನೂ ಹೀಗೆ ಒಂದೆಡೆ ಕೂಡಿಸು ಎಂದರಂತೆ. ವಿಜ್ಞಾನಿಯಾಗಬೇಕೆಂಬ ಆಸೆ ಚಿಗುರಿದ್ದು ಅಲ್ಲಿ.

ಒಬ್ಬರ ಕಥೆಯಿಂದ ಎಲ್ಲ ಮಕ್ಕಳ ಭವಿಷ್ಯ ಖಾತ್ರಿಯಾಗುವುದಿಲ್ಲ, ನಿಜ. ಇಂಗ್ಲಿಷನ್ನು ಅವರೂ ಕಲಿಯಲೇಬೇಕಾಯಿತು. ನಮ್ಮ ಮಕ್ಕಳಿಗೂ ಅದು ಒಂದು ಭಾಷೆಯಾಗಿ ಗಟ್ಟಿಯಾಗಿ ಸಿಗಬೇಕು. ಆದರೆ ಮೇಷ್ಟ್ರ ಮಾತು ಅರ್ಥವಾಗದಿದ್ದರೆ ಆ ಹುಡುಗನಿಗೆ ಕಾಣುತ್ತಿದ್ದದ್ದು ಸುಟ್ಟ ಕಾಗದ ಮಾತ್ರ.

ಗಡಿನಾಡಿನಲ್ಲಿ ನಮ್ಮ ಸಂಕಟ ಇರುವುದು ಇಲ್ಲೇ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿಯಬೇಕಾಯಿತು. ಶಾಲೆಯ ಹಲಗೆಯಲ್ಲಿ ಕನ್ನಡವಿದ್ದು ತರಗತಿಯಲ್ಲಿ ಇಲ್ಲದಿದ್ದರೆ ಅದು ಕನ್ನಡ ಶಾಲೆಯೇ ಅಲ್ಲ.

ಆದ್ದರಿಂದ ಮುಂದಿನ ಪೋಷಕರ ಸಭೆಗೆ ತಪ್ಪದೆ ಹೋಗಿ. ಮೂರು ಪ್ರಶ್ನೆ ಕೇಳಿ. ವಿಜ್ಞಾನದ ಶಿಕ್ಷಕರಿಗೆ ಕನ್ನಡ ಬರುತ್ತದೆಯೇ? ಪ್ರಯೋಗದ ಸಾಮಾನು ಬೀರುವಿನಿಂದ ಹೊರಗೆ ಬರುತ್ತದೆಯೇ? ಇಂಗ್ಲಿಷ್ ಪಾಠ ದಿನವೂ ನಡೆಯುತ್ತದೆಯೇ? ಉತ್ತರ ಸರಿಯಿಲ್ಲದಿದ್ದರೆ ಮಗುವಿನ ಟಿ.ಸಿ. ಕೇಳುವ ಮೊದಲು ನಾಲ್ಕು ಜನ ಕೂಡಿ ಒಂದು ಅರ್ಜಿ ಬರೆಯಿರಿ. ನೀವು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಉಳಿದ ಮಕ್ಕಳಿಗೆ ಮೇಷ್ಟ್ರನ್ನು ಕೇಳುವವರೇ ಇರುವುದಿಲ್ಲ.