ಸದ್ದಿಲ್ಲವೆಂದರೆ ಸೋರಿಕೆಯಿಲ್ಲ ಎಂದಲ್ಲ

ಮಳೆಗಾಲ ಹತ್ತಿರವಾದಾಗ ನಮ್ಮಲ್ಲಿ ತೋಡು ಬಿಡಿಸುತ್ತಾರೆ, ಮಾಡಿನ ಹಂಚು ಸರಿಮಾಡುತ್ತಾರೆ, ಲೈನಿಗೆ ತಾಗುವ ಗೆಲ್ಲು ಕಡಿಯುತ್ತಾರೆ. ಬೆಳ್ತಂಗಡಿ ತಾಲೂಕಿನ ನೆರಿಯದಂಥ ಊರಲ್ಲಿ ಇವುಗಳ ಜತೆ ಇನ್ನೊಂದು ಕೆಲಸವೂ ಆಗಬೇಕು: ಸೋರಿಕೆ ಪತ್ತೆಹಚ್ಚುವ ಗ್ಯಾಸ್ ಡಿಟೆಕ್ಟರ್‌ಗಳ ಪರೀಕ್ಷೆ.

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನ ಪಕ್ಕದ ದೇವನಗೊಂದಿಗೆ ಪೆಟ್ರೋಲು, ಡೀಸೆಲ್ ಒಯ್ಯುವ ಪೆಟ್ರೋನೆಟ್ ಎಂಎಚ್‌ಬಿ ಕೊಳವೆ ಮಾರ್ಗ 2003ರಿಂದ ನಡೆಯುತ್ತಿದೆ. ಘಟ್ಟ ಹತ್ತಿಸಲು ಬೇಕಾದ ಒತ್ತಡ ಕೊಡುವ ಪಂಪಿಂಗ್ ಸ್ಟೇಷನ್ ಇರುವುದು ನೆರಿಯದಲ್ಲಿ. ರಬ್ಬರು, ಅಡಿಕೆ ತೋಟಗಳ ನಡುವೆ, ಜನ ಓಡಾಡುವ ನೆಲದಡಿಯಲ್ಲೇ ಇಂಧನ ಹರಿಯುತ್ತಿದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ನೆರಿಯ, ದಿಡುಪೆಯ ಹೊಳೆಗಳು ಮರದ ದಿಮ್ಮಿ, ಬಂಡೆಗಳನ್ನು ಹೊತ್ತು ತೋಟಕ್ಕೆ ನುಗ್ಗಿದ್ದನ್ನು ಕಂಡವರಿಗೆ ಇಲ್ಲಿನ ಮಳೆ ಯಾವ ಯಂತ್ರವನ್ನೂ ಸುಮ್ಮನೆ ಬಿಡುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆರಿಯದ ಸ್ಟೇಷನ್ನಿನಲ್ಲಿ ಲೋಪವಿದೆ ಎಂಬುದು ನಮ್ಮ ಆರೋಪವಲ್ಲ. ಲೋಪವಿದ್ದರೆ ಹೊರಗಿನವರಿಗೆ ಅದು ತಿಳಿಯುವ ದಾರಿ ಯಾವುದು ಎಂಬುದಷ್ಟೇ ನಮ್ಮ ಪ್ರಶ್ನೆ.

ಹಳೆಯ ಬಗೆಯ ಡಿಟೆಕ್ಟರ್‌ನ ದೊಡ್ಡ ಅಪಾಯ ಇಲ್ಲೇ ಇದೆ. ಗಾಳಿ ಶುದ್ಧವಾಗಿದ್ದರೂ ಅದು ಸೊನ್ನೆ ತೋರಿಸುತ್ತದೆ, ಸತ್ತುಹೋಗಿದ್ದರೂ ಸೊನ್ನೆಯನ್ನೇ ತೋರಿಸುತ್ತದೆ. ಉರಿಯುವ ಅನಿಲವನ್ನು ಬಿಸಿ ಮಣಿಯ ಮೇಲೆ ಸುಟ್ಟು ಅಳೆಯುವ ಸೆನ್ಸರ್‌ಗೆ ಸಿಲಿಕೋನ್ ಎಂದರೆ ವಿಷ. ಪಕ್ಕದಲ್ಲಿ ಯಾರೋ ಬಳಸಿದ ಸಿಲಿಕೋನ್ ಅಂಟೋ ಪಾಲಿಶೋ ಸಾಕು, ಮಣಿ ಮಂಕಾಗುತ್ತದೆ, ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿರುತ್ತದೆ. ಇನ್‌ಫ್ರಾರೆಡ್ ಡಿಟೆಕ್ಟರ್ ಈ ಮಟ್ಟಿಗೆ ವಾಸಿ. ಗಾಜಿನ ಮೇಲೆ ಕೊಳೆ, ತೇವ ಕೂತರೆ ಸಾಮಾನ್ಯವಾಗಿ ತಾನೇ ದೋಷದ ಸೂಚನೆ ಕೊಡುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಅಳೆಯುವ ರಾಸಾಯನಿಕ ಸೆನ್ಸರ್‌ಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಆಯಸ್ಸು.

ಇನ್ನು ನಮ್ಮ ಹವೆ. ಜೂನ್ ತಿಂಗಳ ತೇವಕ್ಕೆ ಸೆನ್ಸರ್ ಮುಂದಿನ ಸಣ್ಣ ರಂಧ್ರಗಳ ಜಾಲರಿಯಲ್ಲಿ ನೀರಿನ ಪೊರೆ ಕಟ್ಟುತ್ತದೆ. ಬೇಸಗೆಯಲ್ಲಿ ಕಡಜ ಮಣ್ಣು ತಂದು ಅದೇ ಬಾಯಿಗೆ ಗೂಡು ಮೆತ್ತುತ್ತದೆ, ಜೇಡ ಬಲೆ ಹೆಣೆಯುತ್ತದೆ. ಒಳಗೆ ಅನಿಲವೇ ಹೋಗದಿದ್ದರೆ ಎಷ್ಟು ದುಬಾರಿ ಉಪಕರಣವಾದರೇನು? ಕೈಯಲ್ಲಿ ಹಿಡಿಯುವ ಡಿಟೆಕ್ಟರ್‌ನದು ಬೇರೆ ಕತೆ. ಅನಿಲವಿರುವ ಜಾಗದಲ್ಲೇ ಅದಕ್ಕೆ ಸೊನ್ನೆ ಹೊಂದಿಸಿದರೆ ಆ ಅನಿಲವನ್ನೇ ಶುದ್ಧ ಗಾಳಿಯೆಂದು ಲೆಕ್ಕ ಹಿಡಿಯುತ್ತದೆ. ಸೊನ್ನೆ ಹೊಂದಿಸುವುದು ಯಾವಾಗಲೂ ಹೊರಗಿನ ಶುದ್ಧ ಗಾಳಿಯಲ್ಲೇ ಆಗಬೇಕು.

ಇದಕ್ಕೆಲ್ಲ ಮದ್ದು ಬಂಪ್ ಟೆಸ್ಟ್. ಗೊತ್ತಿರುವ ಪ್ರಮಾಣದ ಅನಿಲವನ್ನು ಪುಟ್ಟ ಸಿಲಿಂಡರಿನಿಂದ ಸೆನ್ಸರ್‌ಗೆ ಹಾಯಿಸಿ, ಅಲಾರಂ ಕೂಗುತ್ತದೆಯೇ ಎಂದು ನೋಡುವುದು. ನಿಮಿಷಗಳ ಕೆಲಸ. ಅಂಕಿ ತಪ್ಪಿದ್ದರೆ ಕ್ಯಾಲಿಬ್ರೇಶನ್, ಅದಕ್ಕೂ ಬಗ್ಗದಿದ್ದರೆ ಹೊಸ ಸೆನ್ಸರ್. ತಯಾರಕರ ಕೈಪಿಡಿಯಲ್ಲಿ ಇದೆಲ್ಲ ಇರುತ್ತದೆ. ನಡೆಯುವುದು ಮಾತ್ರ ರಿಜಿಸ್ಟರಿನಲ್ಲಿ ಸಹಿ ಹಾಕಿಸುವವರು ಇದ್ದಾಗಲೇ.

ಅಸಡ್ಡೆಯ ಬೆಲೆ ದೇಶಕ್ಕೂ ಜಿಲ್ಲೆಗೂ ಹೊಸದಲ್ಲ. 2009ರ ಅಕ್ಟೋಬರ್ 29ರಂದು ಜೈಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲು ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿ, ಅದರ ಆವಿ ನೆಲಕ್ಕೆ ಅಂಟಿ ಹರಡಿ ಆಮೇಲೆ ಸ್ಫೋಟಿಸಿತು. ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿ ಇಂಥ ಕಡೆ ಹೈಡ್ರೋಕಾರ್ಬನ್ ಡಿಟೆಕ್ಟರ್ ಬೇಕೆಂದು ಶಿಫಾರಸು ಮಾಡಿತು. 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ, ಹೆದ್ದಾರಿ ಬದಿಯ ಮನೆಗಳಿಗೇ ಬೆಂಕಿ ಹಬ್ಬಿ ಜೀವಗಳು ಹೋದವು. 2025ರ ಜುಲೈ 12ರಂದು ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ಟ್ಯಾಂಕ್ ಪರಿಶೀಲನೆಗೆ ಹೋದ ಇಬ್ಬರು ನೌಕರರು ಹೈಡ್ರೋಜನ್ ಸಲ್ಫೈಡ್‌ಗೆ ಬಲಿಯಾದರು. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ತಿಳಿಯುತ್ತದೆ ಎನ್ನುವವರಿದ್ದಾರೆ. ಪ್ರಮಾಣ 100 ಪಿಪಿಎಂ ಮುಟ್ಟಿದರೆ ಈ ಅನಿಲ ಮೂಗನ್ನೇ ಕೆಡಿಸುತ್ತದೆ. ವಾಸನೆ ನಿಂತಿತೆಂದು ಸಮಾಧಾನಪಡುವ ಹೊತ್ತಿಗೇ ಪ್ರಾಣಕ್ಕೆ ಕುತ್ತು ಬಂದಿರುತ್ತದೆ.

ಅಡುಗೆಮನೆಯ ಡಿಟೆಕ್ಟರ್‌ಗೂ ಇದೇ ನ್ಯಾಯ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಿಯುತ್ತದೆ. ಆದ್ದರಿಂದ ಡಿಟೆಕ್ಟರ್ ಇರಬೇಕಾದ್ದು ನೆಲದಿಂದ ಸುಮಾರು ಒಂದಡಿ ಎತ್ತರದಲ್ಲಿ. ಎಷ್ಟೋ ಮನೆಗಳಲ್ಲಿ ಮೇಲಿನ ಪ್ಲಗ್ ಪಾಯಿಂಟ್ ಕಂಡಲ್ಲಿ ಸಿಕ್ಕಿಸುತ್ತಾರೆ. ಸೊಳ್ಳೆ ಸ್ಪ್ರೇಗೂ ಸ್ಯಾನಿಟೈಸರ್‌ಗೂ ಕೂಗಿದಾಗ ಕಿರಿಕಿರಿಯೆಂದು ಕಿತ್ತಿಡುತ್ತಾರೆ. ಟೆಸ್ಟ್ ಗುಂಡಿ ಒತ್ತಿ ಕೂಗಿದರೆ ಎಲ್ಲ ಸರಿ ಎಂದುಕೊಳ್ಳುತ್ತಾರೆ. ಹೆಚ್ಚಿನ ಮಾದರಿಗಳಲ್ಲಿ ಆ ಗುಂಡಿ ಪರೀಕ್ಷಿಸುವುದು ದೀಪ ಮತ್ತು ಸದ್ದನ್ನು ಮಾತ್ರ, ಸೆನ್ಸರನ್ನಲ್ಲ. ಲೈಟರಿನ ಅನಿಲ ಬಿಟ್ಟು ನೋಡುವವರೂ ಇದ್ದಾರೆ. ಅದರ ಸಾಂದ್ರತೆಗೆ ಸೆನ್ಸರೇ ಕೆಡಬಹುದು. ಕರೆಂಟು ಹೋದರೆ ಬ್ಯಾಟರಿಯಿಲ್ಲದ ಡಿಟೆಕ್ಟರ್ ಇದ್ದೂ ಇಲ್ಲದಂತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ಹಿಂಬದಿಯಲ್ಲಿ ಅಚ್ಚಾದ ಅವಧಿ ಮುಗಿದಿದ್ದರೆ ಬದಲಿಸಿ. ಡಿಟೆಕ್ಟರ್ ಕೂಗಿದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಅಂಗಳ ದಾಟಿದ ಮೇಲೆ 1906ಕ್ಕೆ ಕರೆ ಮಾಡಿ.

ಕೊಳವೆ ಮಾರ್ಗದ ವಿಷಯದಲ್ಲಿ ಮನೆಯವರಿಂದ ಇಷ್ಟೂ ಆಗದು. ಅಲ್ಲಿ ಪಂಚಾಯತ್ ಮುಂದೆ ಬರಬೇಕು. ಮಳೆಗೆ ಮೊದಲಿನ ಗ್ರಾಮಸಭೆಗೆ ಸ್ಟೇಷನ್ನಿನ ಅಧಿಕಾರಿಗಳನ್ನು ಕರೆಸಿ ಮೂರು ಮಾತು ಕೇಳಲಿ. ಡಿಟೆಕ್ಟರ್‌ಗಳಿಗೆ ಕೊನೆಯ ಬಂಪ್ ಟೆಸ್ಟ್ ನಡೆದದ್ದು ಯಾವಾಗ? ಅಲಾರಂ ಕೂಗಿದರೆ ಪಕ್ಕದ ಮನೆಗಳಿಗೆ ಸುದ್ದಿ ಮುಟ್ಟಿಸುವವರು ಯಾರು? ಗಾಳಿ ಬೀಸುವ ದಿಕ್ಕು ನೋಡಿ ಜನ ಯಾವ ದಾರಿಯಲ್ಲಿ ಹೋಗಬೇಕು? ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅಣಕು ಕಾರ್ಯಾಚರಣೆಗೆ ಊರವರನ್ನೂ ಸೇರಿಸಿಕೊಂಡು, ಮುಂದಿನ ವರ್ಷ ಅದೇ ಪುಟ ತೆರೆದು ಮತ್ತೆ ಕೇಳಲಿ. ಅವಘಡವಾದ ಮೇಲೆ ಪರಿಹಾರದ ಚೆಕ್ ಹಿಡಿದು ಫೋಟೊಗೆ ನಿಲ್ಲುವುದಕ್ಕಿಂತ ಈ ಕೆಲಸಕ್ಕೆ ತಗಲುವ ಖರ್ಚು ಕಡಿಮೆ.