ಸಿಲ್ವರನನ್ನು ಕೊಂದವರು

ನನ್ನ ಮೊಮ್ಮಗನಿಗೆ ಯಾರೋ ಉಡುಗೊರೆಯಾಗಿ ಕೊಟ್ಟ ‘ಟ್ರೆಷರ್ ಐಲೆಂಡ್’ನ ಸಂಗ್ರಹವೊಂದನ್ನು ಮೊನ್ನೆ ಓದಿದೆ. ತೆಳ್ಳನೆಯ ಪುಸ್ತಕ, ಪುಟಕ್ಕೊಂದು ಬಣ್ಣದ ಚಿತ್ರ. ಕೊನೆಯಲ್ಲಿ ಒಂಟಿಕಾಲಿನ ಲಾಂಗ್ ಜಾನ್ ಸಿಲ್ವರ್ ಸಮುದ್ರಕ್ಕೆ ಬಿದ್ದು ಸಾಯುತ್ತಾನೆ. ಕೆಳಗೆ ದಪ್ಪಕ್ಷರದಲ್ಲಿ ನೀತಿ: ದುರಾಸೆ ಕೆಟ್ಟದ್ದು.

ಸ್ಟೀವನ್‌ಸನ್ ಹಾಗೆ ಬರೆದಿಲ್ಲ, ಸ್ವಾಮಿ. ಅವನ ಸಿಲ್ವರ್ ಒಂದು ಚೀಲ ನಾಣ್ಯ ಕದ್ದು ತಪ್ಪಿಸಿಕೊಳ್ಳುತ್ತಾನೆ. ಅಷ್ಟಕ್ಕೇ ಪೀಡೆ ತೊಲಗಿತಲ್ಲ ಎಂದು ಹಡಗಿನವರು ನಿಟ್ಟುಸಿರು ಬಿಡುತ್ತಾರೆ. ಪುಸ್ತಕವಾಗಿ 1883ರಲ್ಲಿ ಬಂದ ಈ ಕಥೆ ಹುಟ್ಟಿದ್ದು 1881ರಲ್ಲಿ, ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ, ಮಳೆಗೆ ಮನೆಯೊಳಗೇ ಕೂತಿದ್ದಾಗ. ಮಲಮಗನ ಜೊತೆಯಲ್ಲಿ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬರೆದ. ಆಮೇಲೆ ಅಧ್ಯಾಯ ಬರೆದಂತೆಲ್ಲ ಮನೆಯವರಿಗೆ ಓದಿ ಹೇಳಿದ. ಅವನ ಮುದಿ ತಂದೆಯೂ ಹುಡುಗನಷ್ಟೇ ಆಸೆಯಿಂದ ಕೇಳಿದನಂತೆ.

ಈ ಸಂಗ್ರಹದಲ್ಲಿ ಸಿಲ್ವರನಿಗೆ ಮೊದಲ ಚಿತ್ರದಲ್ಲೇ ಕೆಂಗಣ್ಣು, ಹಲ್ಲುಕಡಿತ. ಅಲ್ಲಿಗೆ ಕಥೆ ಮುಗಿಯಿತು. ಮೂಲದಲ್ಲಿ ಒಂಟಿಕಾಲಿನ ನಾವಿಕ ಬಂದರೆ ತಿಳಿಸು ಎಂದು ಮುದುಕನೊಬ್ಬ ಜಿಮ್‌ಗೆ ತಿಂಗಳಿಗೆ ನಾಲ್ಕು ಪೆನ್ನಿ ಕೊಡುತ್ತಿರುತ್ತಾನೆ. ಹುಡುಗನಿಗೆ ಅದರದ್ದೇ ದುಃಸ್ವಪ್ನ. ಆದರೆ ಬ್ರಿಸ್ಟಲ್‌ನಲ್ಲಿ ಸಿಲ್ವರ್ ಎದುರಾದಾಗ, ಇಷ್ಟು ಶುಚಿಯಾದ, ನಗುಮುಖದ ಮನುಷ್ಯ ಕಡಲ್ಗಳ್ಳನಾಗಿರಲಾರ ಎಂದು ತೀರ್ಮಾನಿಸಿಬಿಡುತ್ತಾನೆ! ಹಡಗಿನಲ್ಲಿ ಅವನಿಗೆ ಅಚ್ಚುಮೆಚ್ಚಿನವನೂ ಆಗುತ್ತಾನೆ. ಒಂದು ಸಂಜೆ ಸೇಬಿನ ಪೀಪಾಯಿಯೊಳಗೆ ಕೂತಿದ್ದ ಜಿಮ್‌ಗೆ ಹೊರಗೆ ಸಿಲ್ವರನ ದನಿ ಕೇಳುತ್ತದೆ. ತನ್ನನ್ನು ಹೊಗಳಿದ್ದ ಅದೇ ಮಾತುಗಳಿಂದ ಅವನು ಇನ್ನೊಬ್ಬ ತರುಣನನ್ನು ಹೊಗಳುತ್ತ, ದಂಗೆಗೆ ಸೆಳೆಯುತ್ತಿದ್ದಾನೆ. ದ್ವೀಪದಲ್ಲಿ, ಒಪ್ಪದ ನಾವಿಕನೊಬ್ಬನನ್ನು ಕೊಲ್ಲುವುದನ್ನೂ ಹುಡುಗ ಕಣ್ಣಾರೆ ನೋಡುತ್ತಾನೆ. ಅಷ್ಟಾದರೂ ಅವನನ್ನು ಪೂರ್ತಿ ದ್ವೇಷಿಸಲು ಜಿಮ್‌ಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ.

ಸಿಹಿ ಮಾತಿನವನು, ನಮ್ಮನ್ನು ಮೆಚ್ಚುವವನು ಕೊಲೆಗಾರನೂ ಆಗಿರಬಹುದು. ಮಕ್ಕಳಿಗೆ ತುರ್ತಾಗಿ ಬೇಕಾದ ಈ ತಿಳಿವಳಿಕೆಯನ್ನೇ ಕತ್ತರಿಸಿ ಬಿಸಾಡಿ, ಕೆಂಗಣ್ಣಿನವನನ್ನು ಕಂಡರೆ ಹೆದರಿ ಎಂದು ಕಲಿಸುತ್ತಿದ್ದೇವೆ.

ಮಕ್ಕಳ ಮನಸ್ಸು ಕೋಮಲ ಎನ್ನುತ್ತಾರೆ. ಅಜ್ಜಿಯ ಬಾಯಲ್ಲಿ ರಾಕ್ಷಸಿಯರ ಕಥೆ ಕೇಳಿ ಬೆಳೆದವರೇ ಈ ಮಾತಾಡುವುದು! ಇನ್ನು ದುರಾಸೆಯ ಪಾಠ ಮೂಲದಲ್ಲಿಲ್ಲವೇ? ಹೊರಟವರಲ್ಲಿ ಹಡಗಿನೊಂದಿಗೆ ಮರಳಿದವರು ಐದೇ ಜನ. ಬೆನ್ ಗನ್ ತನ್ನ ಪಾಲಿನ ಸಾವಿರ ಪೌಂಡನ್ನು ಹತ್ತೊಂಬತ್ತು ದಿನದಲ್ಲಿ ಉಡಾಯಿಸಿ ಇಪ್ಪತ್ತನೆಯ ದಿನ ಭಿಕ್ಷೆಗೆ ನಿಲ್ಲುತ್ತಾನೆ. ದಪ್ಪಕ್ಷರ ಯಾಕೆ ಬೇಕು?

ಈಗ ರಾತ್ರಿ ಊಟವಾದ ಮೇಲೆ ಮೂಲ ಪುಸ್ತಕವನ್ನು ನಾನೇ ಕನ್ನಡದಲ್ಲಿ ಹೇಳುತ್ತಿದ್ದೇನೆ. ಸಂಗ್ರಹ ಅವನ ಕೈಗೆ ಹೋಗಿಲ್ಲ. ಹುಡುಗನಿಗೆ ಸಿಲ್ವರ್ ಎಂದರೆ ಬಲು ಇಷ್ಟ. ಇನ್ನೂ ಸೇಬಿನ ಪೀಪಾಯಿಗೆ ಬಂದಿಲ್ಲ.