ನಡುವಯಸ್ಸಿನ ಆಟ

ವಯಸ್ಸಾದಂತೆ ಓದಿನ ಅಭಿರುಚಿ ಬದಲಾಗುವುದನ್ನು ನಾವು ಸಹಜವೆಂದು ಒಪ್ಪುತ್ತೇವೆ. ವಿಡಿಯೋ ಆಟಗಳ ವಿಷಯದಲ್ಲಿ ಮಾತ್ರ ಅದನ್ನು ಸೋಲೆಂದೆಣಿಸುತ್ತೇವೆ. ನಲವತ್ತೈದು ದಾಟಿದವನು ಆಡುವುದೇ ನಗೆಗೀಡು. ಆಡುವುದೂ ಹಳೆಯ ಪುಟ್ಟ ಆಟವಾದರೆ, ‘ಪಾಪ, ಹೊಸದು ಕೈಗೆ ಹತ್ತಲಿಲ್ಲ’ ಎಂಬ ಕನಿಕರ ಬೇರೆ. ಈ ಕನಿಕರ ನನಗೆ ಬೇಡ.

ಅದರಲ್ಲಿ ಅರ್ಧ ಸತ್ಯವುಂಟೆಂದು ಮೊದಲೇ ಒಪ್ಪಿಬಿಡುತ್ತೇನೆ. 2015ರಲ್ಲಿ ಹೊರಬಂದ ‘ವಿಚರ್ 3’ ಎಂಬ ಸುದೀರ್ಘ ಸಾಹಸಕಥೆಯ ಆಟವನ್ನು ಮೂರು ಸಲ ಆರಂಭಿಸಿದ್ದೇನೆ. ಕಥೆಯನ್ನು ಮುಗಿಸಲು ಐವತ್ತು ಗಂಟೆಗಳಾದರೂ ಬೇಕು. ನಡುವೆ ಅಮ್ಮನ ಕಾಯಿಲೆ, ಉತ್ತರಪತ್ರಿಕೆಗಳ ಕಂತೆ. ಮೂರು ವಾರ ಬಿಟ್ಟು ಮರಳಿದರೆ ಯಾವ ಗುಂಡಿಯೊತ್ತಿದರೆ ಕತ್ತಿ ಬೀಸುವುದೆಂಬುದೇ ಮರೆತಿರುತ್ತದೆ. ಯಾವ ಊರಿನವರಿಗೆ ಏನು ಮಾತು ಕೊಟ್ಟಿದ್ದೆನೆಂಬುದೂ ಮರೆತಿರುತ್ತದೆ. ಬಾಳಿನಲ್ಲಿ ಕೊಟ್ಟ ಮಾತುಗಳೇ ಬೇಕಾದಷ್ಟು ಬಾಕಿಯಿರುವಾಗ ಇದೊಂದು ಹೊಸ ಋಣ.

ಟೆಟ್ರಿಸ್ ಯಾವ ಋಣವನ್ನೂ ಹೊರಿಸುವುದಿಲ್ಲ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸೆಯ್ ಪಾಜಿಟ್ನೋವ್ ಅದನ್ನು ರಚಿಸಿದಾಗ ಅವರ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ತುಂಡುಗಳನ್ನು ಮೂಡಿಸಿದರು. ನಾಲ್ಕು ನಾಲ್ಕು ಚೌಕಗಳ ಏಳು ಆಕಾರಗಳು, ಅಷ್ಟೇ ಬಂಡವಾಳ.

ಹಳೆಯ ಆಟಗಳೆಲ್ಲ ಔದಾರ್ಯದಿಂದ ಚಿಕ್ಕವಾದುವೆಂದು ನಾನು ವಾದಿಸುವುದಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್ ನಾಣ್ಯ ನುಂಗುವ ಪೆಟ್ಟಿಗೆಗಳಾಗಿ ಬಂದುವು. ಆಟಗಾರನು ಬೇಗ ಸತ್ತಷ್ಟೂ ಅಂಗಡಿಯವನಿಗೆ ಲಾಭ. ಆದರೆ ವ್ಯಾಪಾರದ ಆ ಆತುರವೇ, ಕೆಲವು ನಿಮಿಷಗಳೊಳಗೆ ಆರಂಭ, ಅಪಾಯ, ಅಂತ್ಯ ಮೂರನ್ನೂ ಅಡಕಗೊಳಿಸಬೇಕೆಂಬ ಕಟ್ಟುಪಾಡನ್ನು ಹಾಕಿತು. ವಚನವು ಮಹಾಕಾವ್ಯಕ್ಕಿಂತ ಕಿರಿದೆಂದು ಅದನ್ನು ಕೈಲಾಗದವರ ಪಾಲಿನದೆನ್ನುವವರು ಯಾರಿದ್ದಾರೆ?

ಬೆರಳು ನಿಧಾನವಾಗಿದೆ, ಅದನ್ನು ಮುಚ್ಚಿಡಲಾರೆ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ನಿಂಟೆಂಡೊ ಯಂತ್ರದ ಟೆಟ್ರಿಸನ್ನು ಅದು ತಾನಾಗಿ ಸ್ತಬ್ಧವಾಗುವವರೆಗೆ ಆಡಿದ. ಆ ಎತ್ತರ ನನಗೆ ಎಂದೂ ಇರಲಿಲ್ಲ, ಇನ್ನು ಬರುವುದೂ ಇಲ್ಲ. ರಾತ್ರಿ ಅಮ್ಮನಿಗೆ ಊಟ ಬಡಿಸಿ, ಮಾತ್ರೆಯ ಹೊತ್ತಿಗೆ ಇಪ್ಪತ್ತು ನಿಮಿಷವಿರುವಾಗ ಆಡಲು ಕೂರುತ್ತೇನೆ. ಅಮ್ಮ ಕರೆದರೆ ಹಾಗೆಯೇ ಬಿಟ್ಟು ಏಳುತ್ತೇನೆ. ಹಿಂದಿರುಗುವಷ್ಟರಲ್ಲಿ ತುಂಡುಗಳು ಒಂದರ ಮೇಲೊಂದು ಪೇರಿ ಆಟ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ.